ಅರಿವಿನ ಹಂಬಲಕ್ಕೆ ಮೆಟ್ಟಿಲುಗಳಿಲ್ಲ

ಶಿಕ್ಷಕ ತರಬೇತಿಯ ಪಠ್ಯಪುಸ್ತಕಗಳಲ್ಲಿ ಒಂದು ತ್ರಿಕೋನಾಕೃತಿ ಹಲವು ದಶಕಗಳಿಂದ ನೆಲೆಯೂರಿದೆ. ಬುಡದಲ್ಲಿ ಅನ್ನ-ನೀರು, ಮೇಲೆ ಕ್ರಮವಾಗಿ ಭದ್ರತೆ, ಪ್ರೀತಿ, ಗೌರವ, ತುತ್ತತುದಿಯಲ್ಲಿ ಆತ್ಮಸಾಕ್ಷಾತ್ಕಾರ. ಕೆಳಗಿನ ಮೆಟ್ಟಿಲನ್ನು ಏರದವನಲ್ಲಿ ಮೇಲಿನದರ ಬಯಕೆಯೇ ಹುಟ್ಟದೆಂಬುದು ಇದರಿಂದ ನಾವು ಕಲಿತ ಪಾಠ. ಈ ಪಾಠ ಮನಶ್ಶಾಸ್ತ್ರಕ್ಕೂ ನೀತಿಗೂ ವಿರುದ್ಧವಾದುದು.

ಮೂಲವನ್ನೇ ನೋಡೋಣ. ಅಬ್ರಹಾಂ ಮ್ಯಾಸ್ಲೊ ಅವರು 1943ರಲ್ಲಿ ಅಭಿಪ್ರೇರಣೆಯ ಸಿದ್ಧಾಂತವನ್ನು ಮಂಡಿಸಿದಾಗ ಈ ತ್ರಿಕೋನವನ್ನು ಬರೆದಿರಲಿಲ್ಲ. ಅದು ಅನಂತರ ಬಂದ ಉದ್ಯಮ-ನಿರ್ವಹಣೆಯ ಲೇಖಕರ ಕೊಡುಗೆ. ಅಗತ್ಯಗಳ ಶ್ರೇಣಿಯು ತೋರುವಷ್ಟು ಬಿಗಿಯಾದುದಲ್ಲವೆಂದು ಅದೇ ಪ್ರಬಂಧದಲ್ಲಿ ಅವರು ಎಚ್ಚರಿಸಿದ್ದರು. ಅರಿಯುವ ಹಂಬಲವನ್ನು ಪ್ರತ್ಯೇಕವಾಗಿಯೇ ಚರ್ಚಿಸಿದ್ದರು. ನಾವು ಎಚ್ಚರಿಕೆಯನ್ನು ಮರೆತು ಚಿತ್ರವನ್ನು ಉಳಿಸಿಕೊಂಡೆವು.

ಇದರ ಫಲವೇನು? ಬಡವರ ಮಗುವಿನಲ್ಲಿ ಜಿಜ್ಞಾಸೆಗೆ ಇನ್ನೂ ಕಾಲ ಬಂದಿಲ್ಲವೆಂದು ನಾವು ನಿಶ್ಚಿಂತರಾಗುತ್ತೇವೆ. ಉಳ್ಳವರ ಮಗುವಿಗೆ ಬಹುಮಾನದ ಆಸೆ ತೋರಿಸಿ ಮೇಲಕ್ಕೆ ದೂಡುತ್ತೇವೆ. ಕಲಿಯುವ ಬಯಕೆ ಮಗುವಿನಲ್ಲೇ ಇದೆಯೆಂಬ ವಿಶ್ವಾಸ ಎರಡೂ ಕಡೆ ಇಲ್ಲ.

ಮನಶ್ಶಾಸ್ತ್ರಜ್ಞರಾದ ಲೆಪರ್, ಗ್ರೀನ್ ಮತ್ತು ನಿಸ್ಬೆಟ್ ಅವರು 1973ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಸ್ಮರಣೀಯ. ಅಮೆರಿಕದ ಶಿಶುವಿಹಾರವೊಂದರಲ್ಲಿ ಚಿತ್ರ ಬರೆಯುವುದನ್ನು ತಾವಾಗಿ ಇಷ್ಟಪಡುತ್ತಿದ್ದ ಕೆಲವು ಮಕ್ಕಳಿಗೆ, ಬರೆದರೆ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಲಾಯಿತು. ಕೆಲವು ದಿನಗಳ ತರುವಾಯ, ಬಹುಮಾನವೇ ಇಲ್ಲದ ಮಕ್ಕಳು ಚಿತ್ರ ಬರೆಯುತ್ತ ಕಳೆದ ಸಮಯದ ಸುಮಾರು ಅರ್ಧದಷ್ಟನ್ನು ಮಾತ್ರ ಇವರು ಅದಕ್ಕೆ ಮೀಸಲಿಟ್ಟರು. ಇದ್ದ ಆಸಕ್ತಿಯನ್ನು ಆಮಿಷವೇ ಕುಂದಿಸಿತ್ತು.

ಹಸಿದ ಹೊಟ್ಟೆಗೆ ಪಾಠ ಹತ್ತದೆನ್ನುವವರುಂಟು. ಅನ್ನ ಕೊಡಲೇಬೇಕು; ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಮಗುವಿನ ಹಕ್ಕೆಂದು ಕೊಡಬೇಕೇ ಹೊರತು, ಅರಿವಿನ ಬಾಗಿಲಿಗೆ ಮುನ್ನ ದಾಟಬೇಕಾದ ಸುಂಕದ ಕಟ್ಟೆಯೆಂದಲ್ಲ. ನಾಜಿಗಳ ಸೆರೆಶಿಬಿರದಲ್ಲಿ ಹಸಿವು-ಜ್ವರಗಳಿಂದ ಬಳಲುತ್ತಿದ್ದ ವಿಕ್ಟರ್ ಫ್ರಾಂಕ್ಲ್, ಕಳೆದುಹೋದ ತಮ್ಮ ಗ್ರಂಥವನ್ನು ಕಾಗದದ ಚೂರುಗಳ ಮೇಲೆ ಪುನಃ ಬರೆಯತೊಡಗಿದ್ದರು. ಹಸಿವು ಮನುಷ್ಯನನ್ನು ಕುಗ್ಗಿಸುತ್ತದೆ, ದಿಟ. ಆದರೆ ಅವನ ಅರ್ಥಾನ್ವೇಷಣೆಯನ್ನು ಮುಂದೂಡುವ ಅಧಿಕಾರವನ್ನು ನಮಗೆ ಕೊಡುವುದಿಲ್ಲ.

ಮಧ್ಯಾಹ್ನದ ಬಿಸಿಯೂಟದ ತಟ್ಟೆ ತುಂಬಲಿ. ಅದೇ ದಿನ ಬೆಳಗಿನ ಮೊದಲ ಪಾಠದಲ್ಲಿಯೇ ಆ ಮಗುವಿನ ಪ್ರಶ್ನೆಗೂ ಗೌರವ ಸಲ್ಲಲಿ. ಒಂದಕ್ಕಾಗಿ ಇನ್ನೊಂದನ್ನು ಕಾಯಿಸುವುದು ಶಿಕ್ಷಣಶಾಸ್ತ್ರವಲ್ಲ, ಅನ್ಯಾಯ.