ಹಾಡುವ ಹೆಣ್ಣುಮಕ್ಕಳೂ ಹಳಿಯುವ ಹಿರಿಯರೂ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳನ್ನು ಒಂದುಗೂಡಿಸಿ ವಿದ್ಯಾ ಇಲಾಖೆಯವರು ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಹೆಸರಿಟ್ಟಿರುವರು. ಈ ಸೀಮೆಯಲ್ಲಿ ಮಳೆಗೆ ಬರವುಂಟು, ಆಕ್ಷೇಪಣೆಗೆ ಬರವಿಲ್ಲ. ಶಾಲೆಗಳ ವಾರ್ಷಿಕೋತ್ಸವದ ಕಾಲ ಬಂದಿತೆಂದರೆ ವಿದ್ಯಾವಂತರ ಮನೆಯ ಜಗಲಿಗಳಲ್ಲಿ ಈಚೆಗೆ ಒಂದೇ ಮಾತು ಕೇಳಿಬರುವುದು: “ಹೆಣ್ಣುಮಕ್ಕಳು ಕೊರಿಯಾ ದೇಶದ ಹಾಡಿಗೆ ಕುಣಿಯುತ್ತಾರಂತೆ, ಕಾಲ ಕೆಟ್ಟಿತು.” ಕಾಲ ಕೆಟ್ಟಿತೆಂಬ ವಾಕ್ಯವನ್ನು ಒಂದೊಂದು ತಲೆಮಾರೂ ತನ್ನ ಮುಂದಿನ ತಲೆಮಾರಿನ ಮೇಲೆ ಪ್ರಯೋಗಿಸುತ್ತಲೇ ಬಂದಿರುವುದರಿಂದ ಅದಕ್ಕೆ ಬೇರೆ ಉತ್ತರ ಹೇಳಬೇಕಾದ್ದಿಲ್ಲ. ಆದರೆ ಹೀಗೆ ಹೇಳುವವರು ಓದಿದವರು. ಊರಿನಲ್ಲಿ ನಾಲ್ಕು ಜನಕ್ಕೆ ಬೇಕಾದವರು. ಅವರ ಮಾತಿಗೆ ಅಂಜಿ ಮುಖ್ಯೋಪಾಧ್ಯಾಯರು ಕಾರ್ಯಕ್ರಮದ ಪಟ್ಟಿಯಿಂದ ಹುಡುಗಿಯರ ಹೆಸರನ್ನು ಹೊಡೆದುಹಾಕುವ ಸಂಭವವುಂಟು. ಆದುದರಿಂದ ಅವರ ಪೂರ್ವಪಕ್ಷವನ್ನು ಪರೀಕ್ಷಿಸುವುದು ಅವಶ್ಯವಾಗಿದೆ.

ಅರ್ಥವಾಗದ ಭಾಷೆಯ ಹಾಡನ್ನು ಬಾಯಿಪಾಠ ಮಾಡುವುದು ಮೌಢ್ಯವೆಂದು ಮೊದಲನೆಯ ಆಕ್ಷೇಪ. ಇದನ್ನು ಹೇಳುವ ಮಹನೀಯರ ಮನೆಯಲ್ಲಿ ಬೆಳಗಿನ ಜಾವ ತ್ಯಾಗರಾಜರ ಕೃತಿಗಳು ನುಡಿಯುತ್ತಿರುವುವು. ಪಾವಗಡದ ಕಡೆಯವರಿಗೆ ತೆಲುಗು ಮನೆಮಾತು. ಅವರ ಮಾತು ಬೇರೆ. ಮಧುಗಿರಿ ಕೊರಟಗೆರೆಗಳಲ್ಲಿ ಆ ಕೃತಿಗಳನ್ನು ಕೇಳಿ ತಲೆದೂಗುವವರಲ್ಲಿ ಪದಪದಕ್ಕೂ ಅರ್ಥ ಹೇಳಬಲ್ಲವರು ಎಷ್ಟು ಮಂದಿ? ಮದುವೆಯ ಮಂತ್ರಕ್ಕೆ ಅರ್ಥ ಕೇಳಿದ ವರನನ್ನು ಪುರೋಹಿತರು ಯಾವ ಕಣ್ಣಿನಿಂದ ನೋಡುವರೆಂಬುದು ಎಲ್ಲರಿಗೂ ತಿಳಿದಿದೆ. ಅರ್ಥವನ್ನರಿಯದೆ ವೇದವನ್ನು ಓದಿದವನನ್ನು ಹೊರೆ ಹೊತ್ತ ಕಂಬಕ್ಕೆ ಹೋಲಿಸುವ ಮಾತು ಯಾಸ್ಕರ ನಿರುಕ್ತದಲ್ಲಿಯೇ ಇದೆ. ಆ ಹೋಲಿಕೆಯನ್ನು ಮೊದಲು ತಮಗೆ ಅನ್ವಯಿಸಿಕೊಂಡು, ಅನಂತರ ಒಂಬತ್ತನೆಯ ತರಗತಿಯ ಹುಡುಗಿಗೆ ಅನ್ವಯಿಸುವುದು ಕ್ರಮವಾದೀತು. ಅದೂ ಅಲ್ಲದೆ, ಆ ಹುಡುಗಿಯು ಕೊರಿಯಾದ ಲಿಪಿಯನ್ನು ಮೊಬೈಲಿನಲ್ಲಿ ನೋಡಿ ನೋಡಿ ತಾನಾಗಿ ಕಲಿತಿದ್ದರೆ, ಆಕೆ ಕಂಬವಾಗಿ ಉಳಿಯಲಿಲ್ಲವೆಂದೇ ತಿಳಿಯಬೇಕು.

ಹೆಣ್ಣುಮಕ್ಕಳು ಹತ್ತು ಜನರೆದುರು ಹಾಡಿ ಕುಣಿಯುವುದು ಶಾಸ್ತ್ರಕ್ಕೂ ಸಂಪ್ರದಾಯಕ್ಕೂ ವಿರುದ್ಧವೆಂದು ಇನ್ನೊಂದು ಮಾತು. ಯಾವ ಶಾಸ್ತ್ರಕ್ಕೆ? ಗಾನವು ಪ್ರಾಯಶಃ ಸ್ತ್ರೀಯರಿಗೆ ಸ್ವಭಾವಸಿದ್ಧವೆಂದು ನಾಟ್ಯಶಾಸ್ತ್ರವೇ ಹೇಳಿರುವುದು. ಕಾಳಿದಾಸನ ಮಾಲವಿಕಾಗ್ನಿಮಿತ್ರದ ಮೊದಲೆರಡು ಅಂಕಗಳು ನಡೆಯುವುದೇ ಒಬ್ಬ ಹುಡುಗಿಯ ಗಾನನೃತ್ಯಗಳ ಪ್ರದರ್ಶನದ ಸುತ್ತ. ಆ ನಾಟಕವನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಗಣದಾಸ, ಹರದತ್ತ ಎಂಬ ಇಬ್ಬರು ನಾಟ್ಯಾಚಾರ್ಯರಿಗೆ ತಮ್ಮೊಳಗೆ ಯಾರು ಹೆಚ್ಚೆಂಬ ಜಗಳ. ಇಬ್ಬರೂ ರಾಜನ ಸಂಬಳ ತಿನ್ನುವವರು. ಪರಿವ್ರಾಜಿಕೆಯು ನ್ಯಾಯ ಹೇಳಲು ಕೂರುವಳು. ರಾಜನಿಗೆ ಹುಡುಗಿಯನ್ನು ನೋಡುವ ಆಸೆ. ವಿದೂಷಕನು ಅದಕ್ಕೆ ಉಪಾಯ ಹೂಡಿದವನು. ಆಚಾರ್ಯನ ಕೀರ್ತಿ ಶಿಷ್ಯೆಯ ಹೆಜ್ಜೆಯ ಮೇಲೆ ನಿಂತಿದೆ. ಆದರೆ ಈ ಪರೀಕ್ಷೆಗೆ ಒಪ್ಪಿಗೆಯೇ ಎಂದು ಮಾಲವಿಕೆಯನ್ನು ಕೇಳಿದವರು ಯಾರು? ರಾಜಪುತ್ರಿಯಾಗಿದ್ದೂ ಪರಿಚಾರಿಕೆಯಾಗಿ ಇದ್ದವಳನ್ನು ಕೇಳಬೇಕೆಂದು ಯಾರಿಗೂ ತೋರಲಿಲ್ಲ. ಹೆಣ್ಣು ರಂಗದ ಮೇಲೆ ಹಾಡಿದಳೆಂಬುದು ಅಲ್ಲಿ ದೋಷವಲ್ಲ. ಅವಳ ಇಚ್ಛೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೆಂಬುದೇ ದೋಷ.

ಕೊರಿಯಾದ ತಂಡಗಳಲ್ಲಿ ಹಳಿಯತಕ್ಕದ್ದು ಏನಾದರೂ ಇದ್ದರೆ ಅದು ಇಲ್ಲಿಯೇ ಇದೆ. ಜಗಲಿಯ ವಿಮರ್ಶಕರು ಹುಡುಗಿಯರ ಉಡುಪನ್ನು ನೋಡಿ ಮುಖ ತಿರುಗಿಸಿದರಲ್ಲದೆ, ಅವರ ಕರಾರನ್ನು ನೋಡುವ ಶ್ರಮ ವಹಿಸಲಿಲ್ಲ. ದೃಷ್ಟಾಂತಕ್ಕೆ ನ್ಯೂಜೀನ್ಸ್ ಎಂಬ ತಂಡವನ್ನು ತೆಗೆದುಕೊಳ್ಳಬಹುದು. ಮಿಂಜಿ, ಹನ್ನಿ, ಡೇನಿಯೆಲ್, ಹೇರಿನ್, ಹೇಯಿನ್ ಎಂಬ ಐವರು ಹುಡುಗಿಯರು. ಹೈಬ್ ಎಂಬ ದೊಡ್ಡ ಕಂಪನಿಯ ಅಂಗವಾದ ಆಡೋರ್ ಎಂಬ ಸಂಸ್ಥೆಯು ಅವರನ್ನು 2022ರ ಜುಲೈ 22ರಂದು ಲೋಕದ ಮುಂದೆ ನಿಲ್ಲಿಸಿತು. ಎಲ್ಲರಿಗಿಂತ ಕಿರಿಯಳಿಗೆ ಆಗ 14 ವರ್ಷ. ಎಲ್ಲರಿಗಿಂತ ಹಿರಿಯಳಿಗೆ 18. ಮೊದಲನೆಯ ಹಾಡು ಅಟೆನ್‌ಷನ್; ಆ ವರ್ಷದ ಕೊನೆಗೆ ಡಿಟ್ಟೋ; 2023ರ ಜನವರಿಯಲ್ಲಿ ಓ.ಎಂ.ಜಿ.; ಅದೇ ಜುಲೈನಲ್ಲಿ ಗೆಟ್ ಅಪ್ ಎಂಬ ಆರು ಹಾಡುಗಳ ಗುಚ್ಛ. ಈ ಆರನ್ನೂ ಒಟ್ಟಿಗೆ ಕೇಳಿದರೆ ಹನ್ನೆರಡು ನಿಮಿಷ, ಅಂದರೆ ಹಳೆಯ ಗ್ರಾಮಫೋನು ತಟ್ಟೆಗಳಲ್ಲಿ ನಾಲ್ಕು ಮುಖಕ್ಕೆ ಸಾಲುವಷ್ಟು. ಅದು ಅಮೆರಿಕೆಯ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೇರಿತು. 2024ರ ಮೇ ತಿಂಗಳಲ್ಲಿ ಹೌ ಸ್ವೀಟ್, ಜೂನಿನಲ್ಲಿ ಜಪಾನಿನವರಿಗಾಗಿ ಸೂಪರ್‌ನ್ಯಾಚುರಲ್. ಹಾಡುಗಳು ಹಗುರ, ಆರ್ಭಟವಿಲ್ಲ, ಸ್ವರವನ್ನು ಎಳೆದು ಹಿಂಸಿಸುವುದಿಲ್ಲ. ಕೇಳದೆಯೇ ಬೈಯುವವರು ಡಿಟ್ಟೋ ಎಂಬುದನ್ನು ಒಮ್ಮೆ ಕೇಳಿ ಬೈದರೆ ಬೈಗುಳಕ್ಕಾದರೂ ಒಂದು ಪ್ರಾಮಾಣ್ಯ ಬಂದೀತು.

ಇಷ್ಟು ಕೀರ್ತಿ ಬಂದು ಎರಡು ವರ್ಷವಾಗುವಷ್ಟರಲ್ಲಿ ಆಚಾರ್ಯರ ಜಗಳ ಹುಟ್ಟಿತು. ತಂಡವನ್ನು ಕಟ್ಟಿದ ಮಿನ್ ಹೀ-ಜಿನ್ ಎಂಬಾಕೆಗೂ ದೊಡ್ಡ ಕಂಪನಿಗೂ ಮನಸ್ತಾಪ ಬಂದು, 2024ರ ಆಗಸ್ಟಿನಲ್ಲಿ ಆಕೆ ಅಧಿಕಾರದಿಂದ ಇಳಿಯಬೇಕಾಯಿತು. ಗಣದಾಸ ಹರದತ್ತರ ಕಥೆಯೇ ಸರಿ, ವಿದೂಷಕನೊಬ್ಬನು ಕಡಮೆ. ಆ ಅಕ್ಟೋಬರಿನಲ್ಲಿ ಹನ್ನಿ ಎಂಬ ಹುಡುಗಿಯು ಕೊರಿಯಾದ ರಾಷ್ಟ್ರಸಭೆಯ ಸಮಿತಿಯ ಮುಂದೆ ನಿಂತು, ಕೆಲಸದ ಸ್ಥಳದಲ್ಲಿ ತನ್ನನ್ನು ಕೀಳಾಗಿ ಕಾಣುವರೆಂದು ಕಣ್ಣೀರಿಟ್ಟು ಹೇಳಿದಳು. ನವೆಂಬರಿನಲ್ಲಿ ಕಾರ್ಮಿಕ ಇಲಾಖೆಯವರು ಕೊಟ್ಟ ಉತ್ತರವನ್ನು ಗಮನಿಸಬೇಕು: ಕಾಯಿದೆಯ ಅರ್ಥದಲ್ಲಿ ಈಕೆ ಕಾರ್ಮಿಕಳಲ್ಲ, ಆದುದರಿಂದ ದೂರು ನಿಲ್ಲುವುದಿಲ್ಲ! ಹಗಲಿರುಳು ದುಡಿಯುವಳು, ದುಡಿದುದರಿಂದ ಕಂಪನಿಗೆ ಹಣ ಬರುವುದು, ಆದರೂ ಕಾರ್ಮಿಕಳಲ್ಲ. ನ್ಯಾಯಶಾಸ್ತ್ರದ ವಿದ್ಯಾರ್ಥಿಗಳಿಗೆ ಅವ್ಯಾಪ್ತಿದೋಷಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯಲಾರದು.

ಅದೇ ತಿಂಗಳ 28ರಂದು ಐವರೂ ಕರಾರು ಮುಗಿಯಿತೆಂದು ಸಾರಿದರು. ಬೇರೆ ಹೆಸರಿಟ್ಟುಕೊಂಡು ಹಾಡಹೊರಟಾಗ 2025ರ ಮಾರ್ಚಿಯಲ್ಲಿ ನ್ಯಾಯಾಲಯದ ತಡೆಯಾಜ್ಞೆ ಬಂದಿತು. ಅಕ್ಟೋಬರ್ 30ರಂದು ಸೋಲ್ ನಗರದ ನ್ಯಾಯಾಲಯವು ಕರಾರು ಇನ್ನೂ ಊರ್ಜಿತವೆಂದು ತೀರ್ಪಿತ್ತಿತು. ಅದರ ಅವಧಿ 2029ರವರೆಗೆ. ಮುಂದಿನ ತಿಂಗಳು ಹುಡುಗಿಯರು ಹಿಂದಿರುಗುವ ಇಚ್ಛೆಯನ್ನು ಪ್ರಕಟಿಸಿದರು. ಕಂಪನಿಯವರ ಪಕ್ಷಕ್ಕೂ ನ್ಯಾಯವಿಲ್ಲದಿಲ್ಲ. ಹಣ ಹೂಡಿದವರು ಅವರು, ಕರಾರಿಗೆ ಸಹಿ ಬಿದ್ದಿದ್ದುದೂ ನಿಜ. 2009ರಲ್ಲಿ ಒಂದು ತಂಡದವರು ಹದಿಮೂರು ವರ್ಷದ ಕರಾರಿನ ಮೇಲೆ ವ್ಯಾಜ್ಯ ಹೂಡಿದ ವರ್ಷವೇ ಅಲ್ಲಿಯ ಸರ್ಕಾರದ ವಾಣಿಜ್ಯ ಆಯೋಗವು ಏಳು ವರ್ಷವೆಂಬ ಮೇರೆಯನ್ನು ಮಾದರಿ ಕರಾರಿನಲ್ಲಿ ಹಾಕಿತು. ಅಷ್ಟಾದರೂ ಆಯಿತು. ಹದಿನಾಲ್ಕು ವರ್ಷದ ಬಾಲಿಕೆಗೆ ಏಳು ವರ್ಷವೆಂದರೆ ಅವಳು ಅದುವರೆಗೆ ಬದುಕಿದ್ದರಲ್ಲಿ ಅರ್ಧ.

“ಅದೆಲ್ಲ ಕೊರಿಯಾದ ಮಾತಾಯಿತು, ಇಲ್ಲಿಗೇನು?” ಎಂದು ಕೇಳುವವರು ಗುಬ್ಬಿಯ ಕಡೆಗೆ ಒಮ್ಮೆ ತಿರುಗಬೇಕು. ಇದೇ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ವೀರಣ್ಣನವರ ಕಾಲಕ್ಕೆ ಕರ್ಣಾಟಕದ ಹೆಮ್ಮೆಯಾಯಿತು. ಸ್ತ್ರೀಪಾತ್ರಗಳನ್ನು ಸ್ತ್ರೀಯರಿಂದಲೇ ಮಾಡಿಸಿದವರಲ್ಲಿ ವೀರಣ್ಣನವರು ಮುಂದಾಳು. ಸುಂದರಮ್ಮ, ಜಯಮ್ಮ ಮೊದಲಾದವರ ಕಂಠವನ್ನು ಕೇಳಲು ಜನ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದರು, ಬಿ. ಜಯಮ್ಮನವರು ಮುಂದೆ ಹೇಮರೆಡ್ಡಿ ಮಲ್ಲಮ್ಮ ಚಿತ್ರದಲ್ಲಿಯೂ ಕಾಣಿಸಿಕೊಂಡರು. ಕುರುಕ್ಷೇತ್ರ ನಾಟಕದಲ್ಲಿ ರಂಗದ ಮೇಲೆ ಆನೆ ಕುದುರೆಗಳು ಬಂದ ಕಥೆಯನ್ನು ಈ ಸೀಮೆಯ ಮನೆಗಳಲ್ಲಿ ಇಂದಿಗೂ ಹೇಳುವರು. ಹಾಡಿದವರ ಹೆಸರನ್ನು ಕೇಳಿದರೆ ಮೌನ. ಆನೆಗೆ ದೊರೆತ ಸ್ಮರಣೆ ಗಾಯಕಿಗೆ ದೊರೆಯಲಿಲ್ಲ. ಟಿಕೆಟ್ಟು ಕೊಂಡು ಮುಂದಿನ ಸಾಲಿನಲ್ಲಿ ಕುಳಿತು ಭಲೆ ಎಂದ ಗೃಹಸ್ಥರು, ‘ಕಂಪನಿ ಹೆಂಗಸು’ ಎಂಬ ಶಬ್ದವನ್ನು ಮನೆಗೆ ಬಂದು ಯಾವ ಸ್ವರದಲ್ಲಿ ಉಚ್ಚರಿಸುತ್ತಿದ್ದರೆಂಬುದನ್ನು ಬಲ್ಲವರು ಬಲ್ಲರು. ಇಂದು ಕೊರಿಯಾದ ಹುಡುಗಿಯರನ್ನು ಹಳಿಯುವ ಸ್ವರವೂ ಅದೇ. ಶ್ರುತಿ ಸ್ವಲ್ಪವೂ ಬದಲಾಗಿಲ್ಲ.

ಈ ತಿರಸ್ಕಾರವನ್ನು ಎದುರಿಸಿ ನಿಂತ ಸ್ತ್ರೀಯರೂ ಈ ನಾಡಿನಲ್ಲಿ ಇದ್ದರು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿನ ಮುಂದೆ ಹಾಡಿದ ಗೌಹರ್ ಜಾನ್ ಅವರು ಹಾಡು ಮುಗಿದೊಡನೆ ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಹೇಳಿ ತಟ್ಟೆಯ ಮೇಲೆ ಉಳಿಸಿದರು. ಕೊನೆಗಾಲದಲ್ಲಿ ಮೈಸೂರು ಅರಮನೆಯ ವಿದುಷಿಯಾಗಿ 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ನಂಜನಗೂಡಿನಲ್ಲಿ 1878ರಲ್ಲಿ ಜನಿಸಿದ ಬೆಂಗಳೂರು ನಾಗರತ್ನಮ್ಮನವರ ಕಥೆ ಇನ್ನೂ ದೊಡ್ಡದು. ಸಂಸ್ಕೃತವನ್ನೂ ಸಂಗೀತವನ್ನೂ ಕ್ರಮವಾಗಿ ಕಲಿತವರು. ಮುದ್ದುಪಳನಿ ಎಂಬ ಸ್ತ್ರೀ ಬರೆದ ತೆಲುಗು ಕಾವ್ಯ ರಾಧಿಕಾ ಸಾಂತ್ವನವನ್ನು 1910ರಲ್ಲಿ ಅಚ್ಚು ಹಾಕಿಸಿದುದಕ್ಕೆ ಅಶ್ಲೀಲವೆಂದು ನಿಷೇಧ ಬಂದಿತು. ಅದು ತೆಗೆದುದು 1947ರಲ್ಲಿ. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಯ ಮೇಲೆ ತಮ್ಮ ಹಣದಿಂದ ಗುಡಿ ಕಟ್ಟಿಸಿ 1925ರಲ್ಲಿ ಪ್ರತಿಷ್ಠೆ ಮಾಡಿಸಿದರು. ಗುಡಿ ಕಟ್ಟಿಸಿದವಳು ಗುಡಿಯ ಮುಂದಣ ಆರಾಧನೆಯಲ್ಲಿ ಹಾಡಕೂಡದೆಂದು ಗಂಡಸರ ಕಕ್ಷಿಗಳವರು ತಡೆದರು. ಆಕೆ ಅಳುತ್ತ ಕೂರಲಿಲ್ಲ. 1927ರಲ್ಲಿ ಹೆಂಗಸರದೇ ಒಂದು ತಂಡ ಕಟ್ಟಿ ಬೇರೆಯಾಗಿ ಹಾಡಿಸಿದರು. ಸುಮಾರು 1940ರ ಹೊತ್ತಿಗೆ ಗಂಡಸರ ಕಕ್ಷಿಗಳೇ ರಾಜಿಗೆ ಬಂದುವು. ಆಮೇಲೆ 1958ರಲ್ಲಿ ಮೈಸೂರಿನ ಆರ್. ನಾಗರತ್ನಮ್ಮನವರು ಸ್ತ್ರೀ ನಾಟಕ ಮಂಡಳಿಯನ್ನು ಸ್ಥಾಪಿಸಿ, ರಾವಣ ದುರ್ಯೋಧನರನ್ನೂ ಹೆಂಗಸರಿಂದಲೇ ಆಡಿಸಿದರು. 2012ರಲ್ಲಿ ಪದ್ಮಶ್ರೀ ದೊರೆತುದು, ಅದೇ ವರ್ಷ ಅವರು ತೀರಿಕೊಂಡುದು. ಹುಡುಗಿಯರ ತಂಡವೆಂಬುದು ಕೊರಿಯಾದಿಂದ ಹಡಗೇರಿ ಬಂದ ಪದಾರ್ಥವಲ್ಲ. ಈ ಇಬ್ಬರು ನಾಗರತ್ನಮ್ಮಂದಿರ ತಂಡಗಳಿಗೆ ಒಡತಿಯರು ಅವರೇ ಆಗಿದ್ದರು. ಕೊರಿಯಾದ ಐವರಿಗೆ ಆ ಭಾಗ್ಯವಿಲ್ಲ. ಹೋಲಿಸಿ ನೋಡತಕ್ಕವರು ಇದನ್ನು ಹೋಲಿಸಬೇಕಿತ್ತು.

ಇನ್ನು ವಿದೇಶೀ ಗಾನದಿಂದ ದೇಶೀಯ ಗಾನ ಕೆಟ್ಟಿತೆಂಬ ದೂರು. ಕೆಟ್ಟುದು ನಿಜ, ಕೆಡಿಸಿದವರು ಯಾರು? ಮದುವೆಮನೆಯಲ್ಲಿ ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಬೀಗರನ್ನು ಹಾಸ್ಯ ಮಾಡುವ ಹಾಡು ಇವೆಲ್ಲವೂ ಈ ನಾಲ್ಕು ತಾಲ್ಲೂಕುಗಳ ಮುತ್ತೈದೆಯರ ಬಾಯಲ್ಲಿದ್ದುವು. ಸಿರಾ ಕಡೆಯ ಗೊಲ್ಲರಹಟ್ಟಿಗಳಲ್ಲಿ ಗಂಡಸರು ಗಣೆ ಹಿಡಿದು ಜುಂಜಪ್ಪನ ಕಥೆ ಹಾಡಿದರೆ, ಹೆಂಗಸರದು ಸೋಬಾನೆ. ಛತ್ರದವರು ಧ್ವನಿವರ್ಧಕ ತಂದಿಟ್ಟ ದಿನ ಆ ಮುದುಕಿಯರನ್ನು ಮೂಲೆಗೆ ಕೂರಿಸಿದವರು ಕೊರಿಯಾದವರಲ್ಲ. ಹುಡುಗಿಯ ತಂದೆ, ಸೋದರಮಾವ. ಬಾಜಾಬಜಂತ್ರಿಯವರಿಗೆ ಮುಂಗಡ, ಚಿತ್ರ ತೆಗೆಯುವವನಿಗೆ ಮುಂಗಡ. ಇಡೀ ರಾತ್ರಿ ಹಾಡಿದ ಅಜ್ಜಿಗೆ ಎಲೆ ಅಡಿಕೆ, ಒಂದು ರವಿಕೆಯ ಖಣ. ಹಾಡಿಗೆ ಬೆಲೆಯಿಲ್ಲವೆಂದು ಕಣ್ಣಾರೆ ಕಂಡ ಮೊಮ್ಮಗಳು ಆ ಹಾಡನ್ನು ಕಲಿಯಲಿಲ್ಲ. ಸೂರ್ಯವಿದ್ಯುತ್ತಿನ ಹಲಗೆಗಳು ಹಬ್ಬಿರುವ ತಿರುಮಣಿಯ ಬಯಲಿನಿಂದ ಹಿಡಿದು ಸಿದ್ಧರಬೆಟ್ಟದ ತಪ್ಪಲಿನವರೆಗೆ ಅವಳ ಕೈಗೆ ಸಿಕ್ಕುದು ಮೊಬೈಲು, ಅದರಲ್ಲಿ ತನ್ನ ವಯಸ್ಸಿನ ಹುಡುಗಿಯರು ಹಾಡಿ ಲೋಕವನ್ನು ಗೆದ್ದುದು ಕಂಡಿತು, ಅದನ್ನು ಕಲಿತಳು. ಇದರಲ್ಲಿ ಅವಳ ಅಪರಾಧವೇನು?

ನಿಜವಾದ ಅಪಾಯ ಬೇರೊಂದು ಬಾಗಿಲಿನಿಂದ ಬರುತ್ತಿದೆ. ಆ ಬಾಗಿಲನ್ನು ಹಳಿಯುವವರೇ ತೆರೆದಿಟ್ಟಿರುವರು. ಮಗುವಿಗೆ ಸ್ವಲ್ಪ ಕಂಠ ಇದೆಯೆಂದರೆ ಕಿರುತೆರೆಯ ಸ್ಪರ್ಧೆಗೆಂದು ಬೆಂಗಳೂರಿಗೆ ಕರೆದೊಯ್ಯುವುದು ಈಗ ಗೌರವದ ವಿಷಯ. ಅಪ್ರಾಪ್ತವಯಸ್ಕರ ಕರಾರು 1872ರ ಕರಾರು ಕಾಯಿದೆಯಂತೆ ನಿಲ್ಲುವುದಿಲ್ಲವಾದುದರಿಂದ ಸಹಿ ಹಾಕುವವರು ತಂದೆತಾಯಿಗಳು. ಹೊಲದ ಕ್ರಯಪತ್ರವನ್ನು ಮೂರು ಸಲ ಓದಿಸಿ, ನಾಲ್ಕು ಜನರನ್ನು ಕೇಳಿ ರುಜು ಹಾಕುವ ಗೃಹಸ್ಥನು, ಮಗಳ ಕಂಠದ ಪತ್ರಕ್ಕೆ ನಿಂತ ಕಾಲಿನ ಮೇಲೆ ರುಜು ಹಾಕುವನು. ಕೃತಿಸ್ವಾಮ್ಯದ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯು ಪ್ರದರ್ಶನ ನೀಡಿದವರಿಗೆ, ಅದರಿಂದ ವ್ಯಾಪಾರವಾದಲ್ಲಿ ಪಾಲನ್ನೂ, ಇದನ್ನು ಹಾಡಿದವಳು ಇಂಥವಳೆಂದು ಹೆಸರಿಸಿಕೊಳ್ಳುವ ಹಕ್ಕನ್ನೂ ಕೊಟ್ಟಿದೆ. ಈ ಹಕ್ಕು ತನ್ನ ಮಗಳಿಗುಂಟೆಂದು ಬಲ್ಲ ತಂದೆ ನಾಲ್ಕು ತಾಲ್ಲೂಕುಗಳಲ್ಲಿ ಎಷ್ಟು ಮಂದಿ ದೊರೆತಾರು? ಕೊರಿಯಾದ ಹುಡುಗಿಯರ ಉಡುಪಿನ ಉದ್ದವನ್ನು ಅಳೆಯುವುದರಲ್ಲಿ ಕಳೆದ ಹೊತ್ತಿನಲ್ಲಿ ಅರ್ಧವನ್ನು ಅವರ ವ್ಯಾಜ್ಯದ ಕಾಗದಗಳನ್ನು ಓದುವುದರಲ್ಲಿ ಕಳೆದಿದ್ದರೆ ಈ ತಂದೆಗಳಿಗೆ ಬುದ್ಧಿ ಬರುತ್ತಿದ್ದಿತು.

ಹೆಸರಿಸುವ ಮಾತು ಬಂದುದರಿಂದ ಒಂದು ಚಿಕ್ಕ ವಿಷಯ. ಈ ಸೀಮೆಯ ಸಭೆಗಳ ಆಹ್ವಾನಪತ್ರಿಕೆಗಳನ್ನು ನೋಡಿದವರಿಗೆ ಅವುಗಳ ರೀತಿ ಗೊತ್ತಿದೆ. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ಉಪಸ್ಥಿತರು ಎಂದು ಎರಡು ಪುಟ ತುಂಬ ಬಿರುದುಸಹಿತವಾದ ಹೆಸರುಗಳು. ಬಾರದೆ ಹೋಗುವವರ ಹೆಸರೂ ದಪ್ಪಕ್ಷರದಲ್ಲಿ. ಎಲ್ಲಕ್ಕೂ ಮೊದಲು ಹಾಡಬೇಕಾದವರಿಗೆ ಮಾತ್ರ ಒಂದು ಸಣ್ಣ ಸಾಲು: “ಪ್ರಾರ್ಥನೆ: ವಿದ್ಯಾರ್ಥಿನಿಯರಿಂದ.” ಆ ವಿದ್ಯಾರ್ಥಿನಿಯರು ಇಬ್ಬರೋ ಮೂವರೋ, ಅವರ ಹೆಸರನ್ನು ಅಚ್ಚು ಹಾಕಿಸಲು ಹೆಚ್ಚಿನ ಕಾಗದ ಬೇಕಾಗುವುದಿಲ್ಲ. ಮುಂದಿನ ವಾರ್ಷಿಕೋತ್ಸವದ ಪತ್ರಿಕೆಯು ಅಚ್ಚಿಗೆ ಹೋಗುವ ಮೊದಲು ಆಯಾ ಶಾಲೆಯ ಸಮಿತಿಯವರು ಕರಡಿನಲ್ಲಿ ಆ ಸಾಲನ್ನು ತಿದ್ದಬಹುದಾಗಿದೆ.