ಸೇಡಿನ ಸಿನಿಮಾಕ್ಕೆ ಎಷ್ಟು ಅಂಕ?

ಸಿನಿಮಾ ಎಂದರೆ ಮೂಗು ಮುರಿಯುವ ಟೀಚರುಗಳ ಸಾಲಿನಲ್ಲಿ ನನ್ನನ್ನು ಕೂಡಿಸಬೇಡಿರೆಂದು ಮೊದಲೇ ಕೇಳಿಕೊಳ್ಳುತ್ತೇನೆ. ಬಿ.ಎ., ಬಿ.ಎಡ್. ಮುಗಿಸಿ ಇಪ್ಪತ್ತೆಂಟು ವರ್ಷ ಹೈಸ್ಕೂಲಿನ ಮಕ್ಕಳಿಗೆ ಕನ್ನಡ ಕಲಿಸುತ್ತ ಬಂದವಳು ನಾನು. ರಾಜಕುಮಾರರ ಚಿತ್ರ ಬಂದರೆ ಓಣಿಯ ಹೆಣ್ಣುಮಕ್ಕಳೆಲ್ಲ ಕೂಡಿ ಟಾಕೀಸಿಗೆ ಹೋಗುತ್ತಿದ್ದೆವು. ಈಗಲೂ ಒಳ್ಳೆಯ ಚಿತ್ರವಿದೆಯೆಂದರೆ ರೊಟ್ಟಿ ಬಡಿಯುವುದನ್ನು ಬೇಗ ಮುಗಿಸಿ ಟಿ.ವಿ. ಮುಂದೆ ಕೂಡ್ರುತ್ತೇನೆ. ಸೇಡಿನ ಕಥೆಗಳ ಮೇಲೂ ನನಗೆ ಸಿಟ್ಟಿಲ್ಲ. ಅನ್ಯಾಯ ಕಂಡಾಗ ಹೊಟ್ಟೆಯಲ್ಲಿ ಬೆಂಕಿ ಏಳದವನು ಕಥೆ ಬರೆದೇನು ಮಾಡಬೇಕು? ನನ್ನ ತಕರಾರು ಬೇರೆ. ನಮ್ಮ ಹುಡುಗರು ಮಾಡುವ ಸೇಡಿನ ಚಿತ್ರಗಳಲ್ಲಿ ಯಾರಿಗೆ ಅನ್ಯಾಯವಾಯಿತೋ ಅವಳೇ ಇರುವುದಿಲ್ಲ. ಅಂಥ ಚಿತ್ರಕ್ಕೆ ದೊಡ್ಡವರಾದ ನಾವು ಚಪ್ಪಾಳೆ ತಟ್ಟಿ ಮೊದಲ ಬಹುಮಾನ ಕೊಟ್ಟು ಕಳಿಸುತ್ತೇವೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ಕಡೆಯ ಶಾಲೆ-ಕಾಲೇಜುಗಳಲ್ಲಿ ಮೊದಲು ಗ್ಯಾದರಿಂಗ್ ಎಂದರೆ ಒಂದು ನಾಟಕ, ಒಂದು ಕೋಲಾಟ, ಕೊನೆಗೊಂದು ವಂದನಾರ್ಪಣೆ. ಈಗ ಪ್ರತಿ ಮನೆಯಲ್ಲೂ ಮೊಬೈಲು ಇದೆ, ಮೊಬೈಲಿನಲ್ಲಿ ಕ್ಯಾಮೆರಾ ಇದೆ. ಹೋದ ವರ್ಷ ನಮ್ಮ ಕಡೆಯ ಒಂದು ಕಾಲೇಜಿನವರು ಕಿರುಚಿತ್ರ ಸ್ಪರ್ಧೆ ಇಟ್ಟರು. ಪೂರ್ತಿ ಚಿತ್ರ ಬೇಡ, ಚಿತ್ರದ ಮೊದಲ ನಾಲ್ಕು ನಿಮಿಷ ಮಾತ್ರ ಮಾಡಿ ತನ್ನಿ ಎಂದರು. ಅನ್ನ ಬೆಂದದ್ದು ಒಂದು ಅಗುಳಿನಲ್ಲೇ ತಿಳಿಯುತ್ತದಲ್ಲ, ಹಾಗೆ. ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬಳು. ಬಂದವು ಏಳು ಚಿತ್ರ. ಅದರಲ್ಲಿ ಐದು ಸೇಡಿನವು. ಐದರಲ್ಲಿ ನಾಲ್ಕಕ್ಕೆ ಕಾರಣ ತಂಗಿಯ ಸಾವು.

ಬಹುಮಾನ ಪಡೆದ ಚಿತ್ರದ ಮಾತನ್ನೇ ಹೇಳುತ್ತೇನೆ. ಮೊದಲು ಕತ್ತಲೆ, ಕತ್ತಲೆಯಲ್ಲಿ ಪಾವರ್‌ಲೂಮಿನ ಸಪ್ಪಳ. ಬನಹಟ್ಟಿಯ ಓಣಿಗಳಲ್ಲಿ ಹಗಲು-ರಾತ್ರಿ ಕೇಳುವ, ನಮ್ಮ ಕಿವಿಗೆ ಇದೆಯೆಂದೇ ಅನಿಸದ ಸಪ್ಪಳ ಅದು. ಹುಡುಗರು ಅದನ್ನು ಎದೆಬಡಿತದಂತೆ ಬಳಸಿಕೊಂಡಿದ್ದರು. ಥಟ್ಟನೆ ಕರೆಂಟು ಹೋಗುತ್ತದೆ, ಮಗ್ಗ ನಿಲ್ಲುತ್ತದೆ. ಆ ನಿಶ್ಶಬ್ದಕ್ಕೆ ಸಭಾಂಗಣವೇ ಉಸಿರು ಬಿಗಿಹಿಡಿಯಿತು. ಆಮೇಲೆ ಕಬ್ಬಿನ ಹೊಲ, ಗರಿಗಳ ನಡುವೆ ಒಂದು ಚಪ್ಪಲಿ, ಒಂದು ಓಢಣಿ, ಬೆನ್ನು ಮಾಡಿ ಬಿದ್ದ ಹುಡುಗಿ. ಅಣ್ಣ ಬರುತ್ತಾನೆ, ಮೊಣಕಾಲೂರಿ ಕೂಗುತ್ತಾನೆ. ಕಬ್ಬು ಕಡಿಯುವ ಕುಡಗೋಲನ್ನು ಕಲ್ಲಿಗೆ ಮಸೆಯುತ್ತಾನೆ. ಕಿಡಿ ಹಾರಿದ ಕೂಡಲೇ ಪರದೆಯ ಮೇಲೆ ಚಿತ್ರದ ಹೆಸರು. ಸೀಟಿಯೋ ಸೀಟಿ!

ಆ ಸಪ್ಪಳದ ಯೋಚನೆಯನ್ನು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಮಗ್ಗದ ಮನೆಯಲ್ಲಿ ಹುಟ್ಟಿದ ಹುಡುಗನಿಗಷ್ಟೇ ಹೊಳೆಯುವಂಥದು. ಧ್ವನಿಗೆ ಹತ್ತಕ್ಕೆ 9 ಕೊಟ್ಟೆ, ಛಾಯಾಗ್ರಹಣಕ್ಕೆ 8, ಸಂಕಲನಕ್ಕೆ 8, ಅಭಿನಯಕ್ಕೆ 6. ಕಥೆಗೆ 2. ಒಟ್ಟು 50ಕ್ಕೆ 33. ಉಳಿದಿಬ್ಬರು 40 ದಾಟಿಸಿದ್ದರು. ‘ಮಕ್ಕಳ ಉತ್ಸಾಹಕ್ಕೆ ತಣ್ಣೀರು ಹಾಕಿದಿರಿ’ ಎಂದು ಅವರಲ್ಲೊಬ್ಬರು ನನ್ನ ಮೇಲೆ ಮುನಿಸಿಕೊಂಡರು.

ನಾನು 2 ಬರೆಯುವ ಮೊದಲು ಒಂದು ಮಾತು ನಡೆದಿತ್ತು. ಚಿತ್ರ ಮುಗಿದ ಮೇಲೆ ಪ್ರಶ್ನೆ ಕೇಳಲು ಅವಕಾಶವಿತ್ತು. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು, “ಆ ಹುಡುಗಿ ಹೆಸರೇನ್ರೀ?” ಎಂದಳು. ವೇದಿಕೆಯ ಮೇಲಿದ್ದ ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. “ಹೆಸರು ಇಟ್ಟಿಲ್ಲ, ಹೀರೋನ ತಂಗಿ, ಅಷ್ಟ” ಎಂದ ನಿರ್ದೇಶಕ. ಎಲ್ಲರೂ ನಕ್ಕರು. ಕೇಳಿದವಳು ಸುಮ್ಮನೆ ಕುಳಿತಳು. ಹೀರೋಗೆ ಹೆಸರಿತ್ತು, ಖಳನಾಯಕನಿಗೆ ಅಡ್ಡಹೆಸರೂ ಇತ್ತು. ಹೀರೋನ ಬೈಕಿಗೆ ಸಹ ಹೆಸರು ಬರೆಸಿದ್ದರು!

‘ಇದು ಥ್ರಿಲ್ಲರ್ ಮೇಡಂ, ಸಾಮಾಜಿಕ ಚಿತ್ರವಲ್ಲ, ತಾಂತ್ರಿಕ ಗುಣ ನೋಡಬೇಕು’ ಎಂಬುದು ನನ್ನ ಜೊತೆಗಾರರ ವಾದ. ಸರಿ, ಥ್ರಿಲ್ಲರಿನ ಲೆಕ್ಕದಲ್ಲೇ ನೋಡೋಣ. ರೋಮಾಂಚಕ ಚಿತ್ರಗಳಿಗೆ ಗುರುವೆನಿಸಿದ ಹಿಚ್‌ಕಾಕ್ ಹೇಳುತ್ತಿದ್ದ ಮೇಜಿನ ಕೆಳಗಿನ ಬಾಂಬಿನ ಮಾತು ಪ್ರಸಿದ್ಧ. ಬಾಂಬು ಏಕಾಏಕಿ ಸಿಡಿದರೆ ಪ್ರೇಕ್ಷಕ ಒಂದು ಕ್ಷಣ ಬೆಚ್ಚುತ್ತಾನೆ. ಅದು ಅಲ್ಲಿರುವುದು ಮೊದಲೇ ಗೊತ್ತಿದ್ದು, ಮೇಜಿನ ಸುತ್ತ ಕೂತವರು ಏನೂ ಅರಿಯದೆ ಹರಟುತ್ತಿದ್ದರೆ, ಅಷ್ಟೂ ಹೊತ್ತು ಅವನ ಜೀವ ಕೈಯಲ್ಲಿರುತ್ತದೆ. ಆದರೆ ಅದಕ್ಕೆ ಕೂತವರು ಯಾರೆಂಬುದು ನಮಗೆ ತಿಳಿದಿರಬೇಕಲ್ಲವೆ? ಆ ಹುಡುಗಿ ಮೊದಲ ನಿಮಿಷದಲ್ಲಿ ಕಂಡಿಗೆ ಸುತ್ತುತ್ತ ಅವ್ವನ ಜೊತೆ ಜಗಳಾಡಿದ್ದರೆ, ಬಸ್ ಪಾಸು ಕಳೆದುಕೊಂಡು ಹುಡುಕಾಡಿದ್ದರೆ, ಕಬ್ಬಿನ ಹೊಲದ ಹಾದಿ ಹಿಡಿದಾಗ ನಮ್ಮ ಎದೆ ಡವಗುಟ್ಟುತ್ತಿತ್ತು. ಗುರುತಿಲ್ಲದ ಬೆನ್ನಿಗೆ ಯಾರೂ ಅಳುವುದಿಲ್ಲ. ಹೀಗಾಗಿ ಆ ಚಿತ್ರ ಥ್ರಿಲ್ಲರಿನ ಲೆಕ್ಕದಲ್ಲೂ ಮುಕ್ಕಾಗಿತ್ತು.

ಇದನ್ನು ಹೇಳಿಕೊಡಲು ಹಿಚ್‌ಕಾಕನೇ ಬೇಕೆಂದಿಲ್ಲ. ಮುಧೋಳದವರು ರನ್ನನ ಊರಿನವರೆಂದು ಎದೆ ಉಬ್ಬಿಸುತ್ತೇವೆ. 10ನೆಯ ಶತಮಾನದಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ಆ ಕವಿಯ ‘ಗದಾಯುದ್ಧ’ ಕನ್ನಡದ ದೊಡ್ಡ ಸೇಡಿನ ಕಾವ್ಯ. ಹುಡುಗರು ಫ್ಲ್ಯಾಶ್‌ಬ್ಯಾಕ್ ಎಂದು ಕುಣಿಯುವ ತಂತ್ರವನ್ನು ಅವನು ಸಿಂಹಾವಲೋಕನವೆಂಬ ಹೆಸರಿನಿಂದ ಆಗಲೇ ಮಾಡಿ ಮುಗಿಸಿದ್ದಾನೆ. ಯುದ್ಧದ ಕೊನೆಯ ದಿನದಿಂದ ಕಥೆ ಎತ್ತಿಕೊಂಡು, ಹಿಂದಿನದನ್ನೆಲ್ಲ ಹೊರಳಿ ನೋಡುತ್ತ ಹೋಗುತ್ತಾನೆ. ಆ ಕಾವ್ಯದ ಆರಂಭದಲ್ಲಿ ಮಾತಾಡುವವಳು ದ್ರೌಪದಿ. ಇನ್ನೇನು ಧರ್ಮರಾಯ ಸಂಧಿ ಮಾಡಿಕೊಂಡುಬಿಟ್ಟರೆ ತನ್ನ ಬಿಚ್ಚಿದ ಮುಡಿಯ ಗತಿಯೇನು ಎಂಬುದು ಅವಳ ಆತಂಕ. ಭೀಮನೆದುರು ಅವಳು ವಾದಿಸುತ್ತಾಳೆ, ನೆನಪಿಸುತ್ತಾಳೆ, ಕೆಣಕುತ್ತಾಳೆ. ಅವಳ ಮಾತು ನಮಗೆ ಒಪ್ಪಿಗೆಯೋ ಅಲ್ಲವೋ ಆ ಚರ್ಚೆ ಬೇರೆ. ಅವಮಾನವಾದದ್ದು ಅವಳಿಗೆ, ಆದ್ದರಿಂದ ಮಾತೂ ಅವಳದೇ. ಅಷ್ಟೇ ಅಲ್ಲ, ಸೇಡಿಗೆ ಗುರಿಯಾದ ದುರ್ಯೋಧನನನ್ನೂ ರನ್ನ ಹೆಣಗಳ ನಡುವೆ ನಡೆಸಿ ಅಳಿಸುತ್ತಾನೆ. ವೈರಿಯ ಮಗನಾದ ಅಭಿಮನ್ಯುವಿನ ಹೆಣದ ಮುಂದೆ ನಿಂತು ಅವನ ಪರಾಕ್ರಮಕ್ಕೆ ತಲೆಬಾಗುವಂತೆ ಮಾಡುತ್ತಾನೆ. ನಮ್ಮ ಹುಡುಗರ ಚಿತ್ರದಲ್ಲಿ ಸತ್ತ ತಂಗಿಗೆ ನಾಲ್ಕು ಸೆಕೆಂಡು, ಕುಡಗೋಲು ಮಸೆಯುವುದಕ್ಕೆ ನಲವತ್ತು.

ಒಂದು ಮಕ್ಕಳ ಚಿತ್ರಕ್ಕೆ ಇಷ್ಟು ರಂಪವೇಕೆ ಎಂದು ನೀವು ಕೇಳಬಹುದು. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗಿಯೊಬ್ಬಳು ಬಿಡುವಿನ ವೇಳೆಯಲ್ಲಿ ನನ್ನ ಹತ್ತಿರ ಬಂದು ಬಹಳ ಹೊತ್ತು ನಿಂತಳು. ಬಸ್‌ಸ್ಟ್ಯಾಂಡಿನಿಂದ ಶಾಲೆಯವರೆಗೆ ಒಬ್ಬನು ದಿನಾ ಬೆನ್ನು ಹತ್ತುತ್ತಿದ್ದ, ಒಮ್ಮೆ ಕೈ ಹಿಡಿದಿದ್ದ. ಹೇಳಿ ಮುಗಿಸಿದವಳೇ, “ಅಣ್ಣಗ ಹೇಳಬ್ಯಾಡ್ರೀ ಅಕ್ಕೋರ, ಅವ ಅವನ್ನ ಕಡಿದು ಜೈಲಿಗೆ ಹೋಗ್ತಾನ. ಅಪ್ಪಗೂ ಬ್ಯಾಡ, ಸಾಲಿ ಬಿಡಸ್ತಾರ” ಎಂದಳು. ನೋಡಿ ಗೆಳತಿಯರೇ, ಆ ಮಗುವಿಗೆ ಬೆನ್ನು ಹತ್ತಿದವನಿಗಿಂತ ತನ್ನ ಮನೆಯವರ ಸಿಟ್ಟಿನ ಭಯವೇ ಹೆಚ್ಚಾಗಿತ್ತು. ನಾನು ಆಕೆಯ ಅವ್ವನನ್ನು ಕರೆಸಿದೆ. ಮೂವರೂ ಕೂಡಿ ಠಾಣೆಗೆ ಹೋಗಿ ದೂರು ಕೊಟ್ಟೆವು. ಮಕ್ಕಳ ರಕ್ಷಣೆಗೆಂದೇ 2012ರಲ್ಲಿ ಪೋಕ್ಸೊ ಕಾಯ್ದೆ ಬಂದಿದೆ, 1098 ಎಂಬ ಸಹಾಯವಾಣಿ ಇದೆ ಎಂದು ತಿಳಿಸಿ ಹೇಳಿದೆ. ಆಕೆ ಶಾಲೆ ಬಿಡಲಿಲ್ಲ, ಎಸ್ಸೆಸ್ಸೆಲ್ಸಿ ಪಾಸಾದಳು. ಯಾರ ಕುಡಗೋಲೂ ಎದ್ದಿರಲಿಲ್ಲ.

ನಾಲ್ಕು ನಿಮಿಷದ ಚಿತ್ರ ಮಾಡುವ ಕೆಲಸ ಇದರ ತದ್ವಿರುದ್ಧ. ಹೆಣ್ಣಿಗೆ ಕೇಡಾದರೆ ಅದು ಮನೆಯ ಗಂಡಸರ ಮಾನದ ಪ್ರಶ್ನೆ, ರಕ್ತದಿಂದಲೇ ತೊಳೆಯಬೇಕು ಎಂದು ಅದು ಸಾರುತ್ತದೆ. ಇದನ್ನು ಕಂಡ ಅಣ್ಣ ಕುಡಗೋಲು ಎತ್ತುತ್ತಾನೋ ಇಲ್ಲವೋ ಹೇಳಲಾರೆ. ಕಂಡ ತಂಗಿ ಮಾತ್ರ ಬಾಯಿ ಮುಚ್ಚಿಕೊಳ್ಳುತ್ತಾಳೆ. ತಾನು ಬಾಯಿ ಬಿಟ್ಟರೆ ಅಣ್ಣನ ಬಾಳು ಹಾಳಾಗುತ್ತದೆಂದು ಎಲ್ಲವನ್ನೂ ನುಂಗಿಕೊಳ್ಳುತ್ತಾಳೆ. ನನ್ನ 2 ಅಂಕದ ಹಿಂದೆ ಇದ್ದದ್ದು ಈ ಲೆಕ್ಕ.

ಹುಡುಗರನ್ನಷ್ಟೇ ಬೈದು ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಸ್ಪರ್ಧೆ ಮುಗಿದ ಮೇಲೆ ಆ ನಿರ್ದೇಶಕ ಹುಡುಗನನ್ನು ಕರೆದು, ಅವಳ ಮುಖ ಯಾಕೆ ತೋರಿಸಲಿಲ್ಲ ಎಂದು ಕೇಳಿದೆ. ಅವನು ತಲೆ ಕೆರೆದುಕೊಂಡು, “ಅದು ಹುಡುಗಿ ಅಲ್ರೀ ಅಕ್ಕೋರ, ನಮ್ಮ ಗೆಳೆಯ. ಓಢಣಿ ಹೊಚ್ಚಿ ಮಲಗಿಸಿದ್ವಿ. ಆರು ಮನಿಗೆ ಹೋಗಿ ಕೇಳಿದ್ವಿರೀ, ಯಾರೂ ಮಗಳನ್ನ ಕಳಸಲಿಲ್ಲ” ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಆ ಆರು ಮನೆಗಳಲ್ಲಿ ಬಾಗಿಲಿಗೆ ಬಂದು ಬೇಡವೆಂದವರು ನಮ್ಮಂಥ ತಾಯಂದಿರೇ. ನಾವು ಮಗಳನ್ನು ಕ್ಯಾಮೆರಾದ ಮುಂದೆಯೂ ಬಿಡುವುದಿಲ್ಲ, ಹಿಂದೆಯೂ ಬಿಡುವುದಿಲ್ಲ. ಆಮೇಲೆ ಚಿತ್ರದಲ್ಲಿ ಹೆಣ್ಣಿಗೆ ಮುಖವಿಲ್ಲವೆಂದು ದೂರುತ್ತೇವೆ.

‘ನಮ್ಮ ಕಡೆ ಹೆಣ್ಣುಮಕ್ಕಳಿಗೆ ಇದೆಲ್ಲ ಸಲ್ಲ’ ಎನ್ನುವವರಿಗೆ ಬೀಳಗಿಯನ್ನು ನೆನಪಿಸುತ್ತೇನೆ. ಅಮೀರಬಾಯಿ ಕರ್ನಾಟಕಿ ಹುಟ್ಟಿದ್ದು ಅಲ್ಲಿ. ಆಕೆಯ ಸೋದರಿ ಗೋಹರಬಾಯಿಯೂ ರಂಗಭೂಮಿಯಲ್ಲಿ ಹೆಸರಾದವಳು. ಅಮೀರಬಾಯಿ ಮುಂಬಯಿಗೆ ಹೋಗಿ ಚಿತ್ರಗಳಲ್ಲಿ ನಟಿಸಿದಳು, ಹಾಡಿದಳು. 1943ರ ‘ಕಿಸ್ಮತ್’ ಚಿತ್ರದ ಅವಳ ದನಿಯನ್ನು ದೇಶವೆಲ್ಲ ಕೇಳಿತು. ಎಂಬತ್ತು ವರ್ಷಗಳ ಹಿಂದೆ ಈ ಮಣ್ಣಿನ ಹೆಣ್ಣಿಗೆ ಸಾಧ್ಯವಾದದ್ದು ಇಂದು ಕಾಲೇಜಿನ ಅಂಗಳದಲ್ಲಿ, ಗುರುಗಳ ಕಣ್ಣೆದುರಿನಲ್ಲಿ ಅಸಾಧ್ಯವೆಂದರೆ ನಂಬಲೆ?

ಹೆಸರಿನ ವಿಷಯಕ್ಕೆ ಒಬ್ಬ ಉಪನ್ಯಾಸಕರು ಕಾನೂನಿನ ಅಡ್ಡಿ ತೆಗೆದರು. ಇಂಥ ಪ್ರಕರಣಗಳಲ್ಲಿ ನೊಂದವರ ಹೆಸರು ಹೇಳಬಾರದಲ್ಲವೆ ಎಂದರು. ಹೌದು, ನಿಜವಾಗಿ ನೊಂದವಳ ಹೆಸರನ್ನು ಪತ್ರಿಕೆಯವರು ಅಚ್ಚು ಮಾಡಬಾರದು, ಆ ನಿಯಮ ಆಕೆಯ ಬಾಳಿನ ರಕ್ಷಣೆಗೆ ಇದೆ. ಕಥೆಯ ಹುಡುಗಿಗೆ ಗಂಗವ್ವ ಎಂದೋ ಶಬಾನಾ ಎಂದೋ ಹೆಸರಿಡಲು ಯಾವ ಕಾನೂನು ಅಡ್ಡ ಬರುತ್ತದೆ?

ಹಾಗಾದರೆ ಸೇಡಿನ ಚಿತ್ರವನ್ನೇ ಮಾಡಬಾರದೆ? ಮಾಡಲಿ. 2016ರಲ್ಲಿ ಪವನ್ ಕುಮಾರ್ ಮಾಡಿದ ‘ಯು ಟರ್ನ್’ ಚಿತ್ರ ನೋಡಿ. ಬೆಂಗಳೂರಿನ ಮೇಲ್ಸೇತುವೆಯ ನಡುವಿನ ಕಲ್ಲು ಸರಿಸಿ ಗಾಡಿ ತಿರುಗಿಸಿಕೊಂಡು ಹೋಗುವವರ ಸಣ್ಣ ತಪ್ಪಿನಿಂದ ಅದರ ಸೇಡು ಹುಟ್ಟುತ್ತದೆ. ಅಲ್ಲಿ ಬೆನ್ನು ಹತ್ತಿ ಹೋಗಿ ನಿಜ ಹುಡುಕುವವಳೂ ಹೆಣ್ಣೇ. ಇನ್ನು, 2024ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆದದ್ದು ಮೈಸೂರಿನ ಚಿದಾನಂದ ಎಸ್. ನಾಯ್ಕ್ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿದ್ದಾಗ ಮಾಡಿದ ಕನ್ನಡ ಕಿರುಚಿತ್ರ, ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’. ನಾಲ್ಕೇ ದಿನ ಚಿತ್ರೀಕರಿಸಿದ 16 ನಿಮಿಷದ ಚಿತ್ರ. ಕಥೆ ಯಾವುದು ಗೊತ್ತೆ? ನಮ್ಮ ಅಜ್ಜಿಯರು ಹೇಳುತ್ತಿದ್ದ ಅಜ್ಜಿ-ಹುಂಜದ ಕಥೆಯ ಜಾಡಿನದು. ಮುದುಕಿಯೊಬ್ಬಳು ಊರಿನ ಹುಂಜ ಕದ್ದೊಯ್ಯುತ್ತಾಳೆ, ಊರಿಗೆ ಬೆಳಗೇ ಆಗುವುದಿಲ್ಲ. ಹೆಣ ಬೀಳಿಸದೆಯೂ ಊರನ್ನು ಕತ್ತಲೆಗೆ ದೂಡಬಹುದು, ನೋಡುವವರನ್ನು ಹಿಡಿದು ಕೂಡಿಸಬಹುದು. ಅಲ್ಲಿ ಕೆಲಸ ಮಾಡುವವಳು ಒಬ್ಬ ಮುದುಕಿ.

ಸೇಡಿಗೆ ಕಾರಣ ಬೇಕೆಂದರೆ ನಮ್ಮ ಕಡೆ ಬರಗಾಲವೇನಿಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಹೊಲ-ಮನೆ ಮುಳುಗಿಸಿಕೊಂಡು ಪುನರ್ವಸತಿ ಕೇಂದ್ರದಲ್ಲಿ ಬದುಕು ಕಟ್ಟಿದ ಬೀಳಗಿ ಸೀಮೆಯ ಹೆಣ್ಣುಮಕ್ಕಳಿದ್ದಾರೆ. ಕಬ್ಬಿನ ಬಿಲ್ಲಿಗಾಗಿ ಕಾದು ಕೂತ ರೈತರಿದ್ದಾರೆ. 1982ರಲ್ಲೇ ದೇವದಾಸಿ ನಿಷೇಧದ ಕಾಯ್ದೆ ಬಂದರೂ ತಂದೆಯ ಹೆಸರಿನ ಕಾಲಂ ಮುಂದೆ ಪೆನ್ನು ಹಿಡಿದು ನಿಂತ ಮಕ್ಕಳನ್ನು ನನ್ನ ತರಗತಿಯಲ್ಲೇ ಕಂಡಿದ್ದೇನೆ. ಇವರಲ್ಲಿ ಒಬ್ಬರ ಸಿಟ್ಟಿನಿಂದ ನಾಲ್ಕು ನಿಮಿಷ ಆರಂಭವಾಗಲಿ, ನಾನು ಹತ್ತಕ್ಕೆ ಹತ್ತು ಕೊಡುತ್ತೇನೆ.

ಮುಂದಿನ ಗ್ಯಾದರಿಂಗಿಗೆ ಸ್ಪರ್ಧೆ ಇಡುವ ಎಲ್ಲ ಸಂಸ್ಥೆಗಳಿಗೂ ನನ್ನ ಬೇಡಿಕೆ ಇಷ್ಟು. ಅಂಕಪಟ್ಟಿಯಲ್ಲಿ ಇನ್ನೊಂದು ಕಾಲಂ ಹಾಕಿರಿ. ಅನ್ಯಾಯಕ್ಕೊಳಗಾದ ವ್ಯಕ್ತಿಗೆ ಹೆಸರಿದೆಯೆ, ಮುಖವಿದೆಯೆ, ಆಕೆ ಒಂದು ಮಾತಾದರೂ ಆಡುತ್ತಾಳೆಯೆ ಎಂದು ನೋಡಿ ಅಂಕ ಕೊಡಿರಿ. ಪ್ರತಿ ತಂಡದಲ್ಲಿ ಇಬ್ಬರಾದರೂ ಹುಡುಗಿಯರಿರಬೇಕೆಂಬ ನಿಯಮ ಮಾಡಿರಿ, ಚಿತ್ರೀಕರಣಕ್ಕೆ ಒಬ್ಬ ಟೀಚರನ್ನು ಜೊತೆಗೆ ಕಳಿಸಿರಿ. ಜೊತೆಗೆ ಹೋಗಲು ಯಾರೂ ಸಿಗದಿದ್ದರೆ ನಾನು ಬರುತ್ತೇನೆ, ರವಿವಾರವಾದರೂ ಸರಿ. ಮತ್ತು ಅಕ್ಕ-ತಂಗಿಯರೇ, ಹುಡುಗರು ಬಂದು ಮಗಳನ್ನು ಕಳಿಸಿರೆಂದು ಕೇಳಿದರೆ, ಬಾಗಿಲಲ್ಲೇ ಬೇಡವೆನ್ನುವ ಮೊದಲು ಕಥೆ ಏನೆಂದು ಕೇಳಿರಿ. ಕಥೆ ಹಿಡಿಸದಿದ್ದರೆ ಯಾಕೆಂದು ಅವರಿಗೆ ಹೇಳಿರಿ. ಹಿಡಿಸಿದರೆ ಮಗಳನ್ನು ಕಳಿಸಿರಿ. ಅವಳ ಕೈಗೆ ಕ್ಯಾಮೆರಾ ಕೊಡುತ್ತಾರೆಯೇ ಎಂಬುದನ್ನೂ ಕೇಳಿಕೊಂಡೇ ಕಳಿಸಿರಿ.