ನೆರೆಯ ನಷ್ಟ, ಪಹಣಿಯ ಹೆಸರು

ಕಡೂರು, ಅಜ್ಜಂಪುರ, ತರೀಕೆರೆಯ ಬಯಲುಭಾಗಗಳೆಂದೊಡನೆ ನೆನಪಾಗುವುದು ಬರ. ಆದರೆ ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ ಮಳೆ ಬಿರುಸಾದರೆ ಅಯ್ಯನಕೆರೆ, ಮದಗದ ಕೆರೆಗಳು ಕೋಡಿ ಬೀಳುತ್ತವೆ. ಬಯಲಿನಲ್ಲೇ ಮಳೆ ಹಿಡಿದರೆ ಹೊಲದಲ್ಲಿ ಈರುಳ್ಳಿ ಕೊಳೆಯುತ್ತದೆ. ಮಳೆ ಎಲ್ಲರಿಗೂ ಒಂದೇ. ನಷ್ಟವನ್ನು ತಾಳುವ ಶಕ್ತಿ ಮಾತ್ರ ಒಂದೇ ಅಲ್ಲ.

ಸ್ವಂತ ತೋಟವುಳ್ಳವರು ಬಸಿಗಾಲುವೆ ತೆಗೆಸಬಲ್ಲರು, ಸಾಲ ಪಡೆದು ಚೇತರಿಸಿಕೊಳ್ಳಬಲ್ಲರು. ಕೋರಿಗೆ ಹೊಲ ಮಾಡುವವರಿಗೆ ಪರರ ಭೂಮಿಯಲ್ಲಿ ಕಾಲುವೆ ತೋಡುವ ಅಧಿಕಾರವಿಲ್ಲ, ಬ್ಯಾಂಕಿಗೆ ತೋರಿಸಲು ಪಹಣಿಯೂ ಇಲ್ಲ. ಭೂಸುಧಾರಣಾ ಕಾಯಿದೆಯ 1974ರ ತಿದ್ದುಪಡಿ ಗೇಣಿಯನ್ನು ನಿಷೇಧಿಸಿ ಲಕ್ಷಾಂತರ ಗೇಣಿದಾರರನ್ನು ಭೂಒಡೆಯರನ್ನಾಗಿಸಿತು. ಆ ಬಳಿಕವೂ ಬಾಯಿಮಾತಿನಲ್ಲಿ ಉಳಿದ ಗೇಣಿ ದಾಖಲೆಗೆ ಬರಲಿಲ್ಲ. ಶೇ. 33 ಅಥವಾ ಹೆಚ್ಚು ಬೆಳೆ ಹಾನಿಯಾದಾಗ, 2 ಹೆಕ್ಟೇರಿನ ಮಿತಿಯಲ್ಲಿ ದೊರೆಯುವ ಪರಿಹಾರ ಪಹಣಿಯಲ್ಲಿರುವ ಹೆಸರಿಗೆ ಸಲ್ಲುತ್ತದೆಯೇ ಹೊರತು ಬಿತ್ತಿದವರಿಗಲ್ಲ. ಗಂಡ ತೀರಿಕೊಂಡ ಮೇಲೆ ಪೌತಿ ಖಾತೆಯಾಗದ ಹೆಣ್ಣುಮಕ್ಕಳ ಪಾಡೂ ಇದೇ.

ಆದ್ದರಿಂದ ಮುಂಗಾರಿಗೆ ಮೊದಲೇ ಗ್ರಾಮಸಭೆಯು ನಿಜವಾಗಿ ಉಳುವವರ, ಪೌತಿ ಖಾತೆ ಬಾಕಿಯಿರುವವರ, ಹಳ್ಳದ ದಂಡೆಯ ಮನೆಗಳವರ ಪಟ್ಟಿಯನ್ನು ನಡಾವಳಿಯಲ್ಲಿ ಬರೆಸಬೇಕು. ವಿದ್ಯಾರ್ಥಿಗಳು ಈ ಕಾರ್ಯಕ್ಕೆ ಕೈಜೋಡಿಸಲಿ. ನಡಾವಳಿ ಪಹಣಿಯಾಗದು, ನಿಜ; ಆದರೆ ಎಲ್ಲಿಯೂ ಹೆಸರಿಲ್ಲದವರ ನಷ್ಟ ಯಾವ ಕಛೇರಿಯ ಕಣ್ಣಿಗೂ ಬೀಳದು.